ಬೆಳ್ಳುಳ್ಳಿಯ ಮಡಿಯೂ ಕಳೆಯ ಲೆಕ್ಕವೂ

2024ನೆಯ ಇಸವಿಯಲ್ಲಿ ಬೆಳ್ಳುಳ್ಳಿಯ ಬೆಲೆ ಏರುತ್ತ ಹೋಗಿ, ಕೆಲವು ಪೇಟೆಗಳಲ್ಲಿ ಕಿಲೋಗ್ರಾಮಿಗೆ 400 ರೂಪಾಯಿಗಳನ್ನು ಮುಟ್ಟಿದುದು ವಾಚಕರ ನೆನಪಿನಲ್ಲಿ ಇದ್ದೇ ಇರಬೇಕು. ಒಗ್ಗರಣೆಗೆ ನಾಲ್ಕು ಎಸಳು ಹಾಕುತ್ತಿದ್ದ ಗೃಹಿಣಿಯರು ಎರಡಕ್ಕೆ ಇಳಿದರು. ಹಿತ್ತಿಲುಳ್ಳವರು ಹಿತ್ತಿಲಿನಲ್ಲಿಯೂ, ಇಲ್ಲದವರು ಒಡೆದ ಬಕೆಟ್ಟು, ಹಳೆಯ ಎಣ್ಣೆಡಬ್ಬಿಗಳಲ್ಲಿಯೂ ಬೆಳ್ಳುಳ್ಳಿಯನ್ನು ಊರಿದರು. ಹಾವೇರಿ ಜಿಲ್ಲೆಯ ನಮ್ಮ ಮಾಸೂರಿನಲ್ಲಿಯೂ ಆ ವರ್ಷ ದೀಪಾವಳಿಯ ಹಿಂದುಮುಂದಿನಲ್ಲಿ ಅನೇಕ ಮನೆಗಳ ಹಿಂದೆ ಹೊಸ ಮಡಿಗಳು ಎದ್ದುವು. ಅವುಗಳಲ್ಲಿ ನಮ್ಮದೂ ಒಂದು. ಮುಂದಿನ ಶಿವರಾತ್ರಿಯ ವೇಳೆಗೆ ಕಿತ್ತು ನೋಡಿದಾಗ ಹಲವರಿಗೆ ದೊರೆತುದು ಮಕ್ಕಳಾಡುವ ಗೋಲಿಯ ಗಾತ್ರದ ಗಡ್ಡೆ. ನಮಗೂ ಅಷ್ಟೇ. ಕೆಲವರು ಬೀಜವನ್ನು ದೂರಿದರು, ಕೆಲವರು ಮಣ್ಣನ್ನು ದೂರಿದರು, ಮತ್ತೆ ಕೆಲವರು ಹವೆಯನ್ನು ದೂರಿದರು. ಮಡಿಯಲ್ಲಿ ಮೊಣಕಾಲೆತ್ತರ ನಿಂತಿದ್ದ ಕಳೆಯನ್ನು ದೂರಿದವರು ಕಡಿಮೆ.

ಬೀಜದ ಮಾತನ್ನು ಮೊದಲೇ ಮುಗಿಸಿಬಿಡೋಣ, ಏಕೆಂದರೆ ಅದರಲ್ಲಿಯೂ ಸತ್ಯಾಂಶವುಂಟು. ಬೆಳ್ಳುಳ್ಳಿ ಗಡ್ಡೆ ಕಟ್ಟುವುದಕ್ಕೆ ಮೊದಲು ತಂಪು, ಆಮೇಲೆ ಹಗಲಿನ ದೀರ್ಘತೆ, ಇವೆರಡೂ ಬೇಕು. ಮಾಸೂರು ಇರುವ ಅಕ್ಷಾಂಶದಲ್ಲಿ ವರ್ಷದ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 15 ನಿಮಿಷ. ಅತಿ ದೊಡ್ಡ ಹಗಲು ಸುಮಾರು 13 ಗಂಟೆ. ಹಿಮಾಲಯದ ತಪ್ಪಲಿನಲ್ಲಿ ಬೆಳೆಯುವ ದಪ್ಪ ಎಸಳಿನ ಜಾತಿಗಳು ಇದಕ್ಕಿಂತ ಉದ್ದದ ಹಗಲನ್ನು ಕಂಡು ಬಾಳಿದಂಥವು. ಅವುಗಳನ್ನು ಅಂಗಡಿಯಿಂದ ತಂದು ಇಲ್ಲಿ ನೆಟ್ಟರೆ ಎಲೆ ಬರುವುದು, ಗಡ್ಡೆ ಬಾರದು. ಗದಗ, ಧಾರವಾಡ, ಹಾವೇರಿಯ ರೈತರು ತಲೆತಲಾಂತರದಿಂದ ಬೆಳೆಯುತ್ತ ಬಂದಿರುವ ಸಣ್ಣ ಎಸಳಿನ ನಾಟಿ ಬಳ್ಳೊಳ್ಳಿಯೇ ನಮ್ಮ ಹಗಲಿಗೆ ಒಗ್ಗಿದುದು. ನಾವು ನೆಟ್ಟುದೂ ಅದನ್ನೇ. ಆದುದರಿಂದ ನಮ್ಮ ಮಡಿ ಕೆಟ್ಟುದಕ್ಕೆ ಬೀಜವನ್ನು ಹೊಣೆ ಮಾಡುವಂತಿರಲಿಲ್ಲ.

ಕೆಟ್ಟ ಬಗೆ ಹೀಗೆ. ಒಂದು ಚದರ ಮೀಟರಿನ ಮಡಿ. ಸಾಲಿನಿಂದ ಸಾಲಿಗೆ 15 ಸೆಂಟಿಮೀಟರು, ಎಸಳಿನಿಂದ ಎಸಳಿಗೆ 10 ಸೆಂಟಿಮೀಟರು. ಎಂದರೆ 66 ಎಸಳುಗಳು. ಚೂಪು ತುದಿ ಮೇಲಾಗಿ, ಬೆರಳಿನ ಎರಡು ಗೆಣ್ಣಿನಷ್ಟು ಆಳದಲ್ಲಿ ಊರಿದೆವು. ಗೊಬ್ಬರ ಬೇಕಲ್ಲವೇ? ತಿಪ್ಪೆಯಿಂದ ಎರಡು ಬುಟ್ಟಿ ತಂದು ಸುರಿದೆವು. ಅದು ಅರೆಬರೆ ಕೊಳೆತ ಗೊಬ್ಬರವೆಂಬುದನ್ನು ನೋಡುವ ಕಣ್ಣು ಆಗ ನಮಗಿರಲಿಲ್ಲ. ಎಂಟು ದಿನಗಳಲ್ಲಿ ಬೆಳ್ಳುಳ್ಳಿಯ ಮೊಳಕೆಗಳು ಕಂಡುವು. ಹತ್ತನೆಯ ದಿನ ಅವುಗಳ ನಡುವೆ ಹಸುರು ಹುಡಿ ಚೆಲ್ಲಿದಂತೆ ಸಾವಿರಾರು ಕಳೆಯ ಸಸಿಗಳು ಕಂಡುವು. ಪಕ್ಕದ ಮನೆಯ ದೊಡ್ಡಮ್ಮ ಬೇಲಿಯಾಚೆಯಿಂದ ನೋಡಿ, “ತಮ್ಮಾ, ಕಸಾ ಈಗs ತೆಗೀ. ಈಗ ಬೆರಳು ಸಾಕು, ತಿಂಗಳಾತಂದ್ರ ಕುರ್ಪಿ ಬೇಕು, ಎರಡು ತಿಂಗಳಾತಂದ್ರ ಗುದ್ದಲಿ ಬೇಕು” ಎಂದರು. ನಮಗೋ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿತ್ತು. ಅದಲ್ಲದೆ ನಮ್ಮದೇ ಒಂದು ಸಿದ್ಧಾಂತವೂ ಇತ್ತು: ಸಣ್ಣ ಸಸಿಗಳನ್ನು ಒಂದೊಂದಾಗಿ ಹೆಕ್ಕುವುದಕ್ಕಿಂತ ಅವು ಕೈಗೆ ಸಿಕ್ಕುವಷ್ಟು ಬೆಳೆದ ಮೇಲೆ ಒಮ್ಮೆಗೇ ಕಿತ್ತರೆ ಶ್ರಮ ಉಳಿಯುವುದೆಂದು. ಶ್ರಮವನ್ನು ಬಲ ಮತ್ತು ದೂರಗಳ ಗುಣಲಬ್ಧವೆಂದು ವರ್ಷಕ್ಕೆ ನೂರು ಸಾರಿ ಬೋಧಿಸುವವರ ಸಿದ್ಧಾಂತವದು! ಏಳು ವಾರ ಕಳೆದ ಮೇಲೆ ಕಿತ್ತೆವು. ಕಳೆಯ ಬೇರಿನ ಹೆಂಟೆಯೊಡನೆ ಬೆಳ್ಳುಳ್ಳಿಯೂ ಎದ್ದುಬಂದಿತು. ಉಳಿದುವು ಹಳದಿಗಟ್ಟಿ ನಿಂತುವು.

ದೊಡ್ಡಮ್ಮನ ಮಾತು ಸರಿ, ನಮ್ಮ ಸಿದ್ಧಾಂತ ತಪ್ಪು. ಏಕೆ ತಪ್ಪು ಎಂಬುದನ್ನು ಆ ಮೇಲೆ ಯೋಚಿಸುತ್ತ ಕುಳಿತಾಗ, ಭೌತವಿಜ್ಞಾನದ ಒಂದು ಇಡೀ ಅಧ್ಯಾಯ ಆ ಚದರ ಮೀಟರಿನಲ್ಲಿ ಅಡಗಿದೆಯೆಂದು ನಮಗೆ ತೋರಿತು.

ಮೊದಲು ಬೆಳಕನ್ನು ತೆಗೆದುಕೊಳ್ಳೋಣ. ಎಲೆಗಳ ಪದರಗಳ ಮೂಲಕ ಇಳಿಯುವ ಬೆಳಕು ಹೇಗೆ ಕುಗ್ಗುತ್ತದೆಯೆಂಬುದನ್ನು ಜಪಾನಿನ ಮೋನ್ಸಿ ಮತ್ತು ಸಾಯೇಕಿ ಎಂಬ ವಿಜ್ಞಾನಿಗಳು 1953ರಲ್ಲಿ ಒಂದು ಸೂತ್ರದಲ್ಲಿ ಹಿಡಿದಿಟ್ಟರು. ಬಣ್ಣದ ದ್ರಾವಣದಲ್ಲಿ ಬೆಳಕು ಕುಗ್ಗುವ ನಿಯಮವನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಇದೂ ಅದೇ ಜಾತಿಯ ಘಾತೀಯ ನಿಯಮ. ಒಂದು ಚದರ ಮೀಟರು ನೆಲದ ಮೇಲೆ ಎಷ್ಟು ಚದರ ಮೀಟರು ಎಲೆಯಿದೆಯೆಂಬುದು ಒಂದು ಸಂಖ್ಯೆ; ಎಲೆಗಳು ಮಲಗಿವೆಯೋ ನಿಂತಿವೆಯೋ ಎಂಬುದನ್ನು ಸೂಚಿಸುವುದು ಇನ್ನೊಂದು ಸಂಖ್ಯೆ. ಬೆಳ್ಳುಳ್ಳಿಯ ಎಲೆ ಕಿರಿದು, ನೆಟ್ಟಗೆ ನಿಲ್ಲುವಂಥದು. ಅಂಥ ಎಲೆಗಳಿಗೆ ಈ ಎರಡನೆಯ ಸಂಖ್ಯೆ ಸುಮಾರು 0.4. ಅಗಲವಾದ, ಅಡ್ಡಡ್ಡ ಹರಡುವ ಎಲೆಗಳಿಗೆ ಅದು 0.8ರ ಆಸುಪಾಸು. ಬೆಳ್ಳುಳ್ಳಿಯ ಎಲೆಯ ಹರವು ನೆಲದ ಹರವಿಗೆ ಸಮವಾಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ಬಿದ್ದ ಬೆಳಕಿನಲ್ಲಿ ನೂರಕ್ಕೆ 67 ಪಾಲು ಎಲೆಗಳನ್ನು ದಾಟಿ ನೆಲವನ್ನು ಮುಟ್ಟುವುದು. ಮೂರು ಪಟ್ಟು ಹರವಿನ ಕಾಡುದಂಟಿನ ಕೆಳಗಾದರೋ ನೂರಕ್ಕೆ 9 ಪಾಲು ಮಾತ್ರ. ಅರ್ಥ ಸ್ಪಷ್ಟ. ಬೆಳ್ಳುಳ್ಳಿ ತನ್ನ ಕಾಲಬುಡದಲ್ಲಿ ಹುಟ್ಟಿದ ಕಳೆಗೆ ನೆರಳು ಮಾಡಲಾರದು. ಕಳೆ ಬೆಳ್ಳುಳ್ಳಿಯ ತಲೆ ಮೀರಿದರೆ ಅದಕ್ಕೆ ಕತ್ತಲೆ ಕವಿಸಬಲ್ಲದು. ಅವರೆಯೋ ಕುಂಬಳವೋ ಒಂದು ತಿಂಗಳು ಕಾಪಾಡಿದರೆ ಆಮೇಲೆ ತಮ್ಮ ನೆಲವನ್ನು ತಾವೇ ಮುಚ್ಚಿಕೊಂಡು ಕಾಯ್ದುಕೊಳ್ಳುವುವು. ಬೆಳ್ಳುಳ್ಳಿಗೆ ಆ ಶಕ್ತಿ ಕೊನೆಯವರೆಗೂ ಬಾರದು. ಸಾಲದುದಕ್ಕೆ ಅದರ ಬೇರೂ ಮೇಲುಮೇಲಿನದು. ಬೆಳೆಗಳಲ್ಲಿ ಇಷ್ಟು ನಿರಾಯುಧವಾದುದು ಇನ್ನೊಂದು ವಿರಳ. ಕಳೆಯನ್ನು ಕೀಳದೆ ಬಿಟ್ಟ ಮಡಿಯಲ್ಲಿ ಇಳುವರಿ ಅರ್ಧಕ್ಕೆ ಇಳಿದರೆ ಆಶ್ಚರ್ಯವೇನೂ ಇಲ್ಲ.

ಬೆಳ್ಳುಳ್ಳಿಯ ಘಾಟೇ ಕಳೆಯನ್ನು ಓಡಿಸುವುದೆಂದು ನಂಬಿದವರನ್ನು ನಾವು ಕಂಡಿದ್ದೇವೆ. ಆ ಘಾಟಿನ ಅಲಿಸಿನ್ ಎಂಬ ವಸ್ತು ಇಡಿಯ ಎಸಳಿನಲ್ಲಿ ಸಿದ್ಧವಾಗಿ ಇರುವುದೇ ಇಲ್ಲ. ಎಸಳನ್ನು ಜಜ್ಜಿದಾಗ ಜೀವಕೋಶಗಳು ಒಡೆದು, ಅದುವರೆಗೆ ಬೇರೆ ಬೇರೆಯಾಗಿದ್ದ ಎರಡು ವಸ್ತುಗಳು ಕೂಡಿ ಅದು ಹುಟ್ಟುವುದು. ನೆಲದೊಳಗೆ ಸುಮ್ಮನೆ ಕುಳಿತ ಎಸಳು ಯಾರನ್ನೂ ಬೆದರಿಸದು.

ಇನ್ನು ಕಳೆಯ ಬೀಜದ ಕಡೆಗೆ ನೋಡೋಣ. ಇದು ನಮಗೆ ಎಲ್ಲಕ್ಕಿಂತ ಸೋಜಿಗವೆನಿಸಿದ ಭಾಗ. ನೆಲವನ್ನು ಅಗೆದು ಹದ ಮಾಡಿದ ಕೂಡಲೆ ಕಳೆ ಏಕೆ ಮುತ್ತಿಕೊಂಡು ಬರುವುದು? 1952ರಲ್ಲಿ ಅಮೆರಿಕದ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮೊದಲಾದವರು ಲೆಟ್ಯೂಸ್ ಎಂಬ ಸೊಪ್ಪಿನ ನೆನೆದ ಬೀಜಗಳ ಮೇಲೆ ಬಗೆಬಗೆಯ ಬಣ್ಣದ ಬೆಳಕನ್ನು ಬೀರಿ ನೋಡಿದರು. ಸುಮಾರು 660 ನ್ಯಾನೋಮೀಟರು ತರಂಗಾಂತರದ ಕೆಂಪು ಬೆಳಕು ಕೆಲವೇ ನಿಮಿಷ ತಗಲಿದರೆ ಬೀಜಗಳು ಮೊಳೆತುವು. ಅದರ ಹಿಂದೆಯೇ 730ರ ಸಮೀಪದ, ಕಣ್ಣಿಗೆ ಕಂಡೂ ಕಾಣದಂಥ ಆಳವಾದ ಕೆಂಪು ಬೆಳಕನ್ನು ಬೀರಿದರೆ ಮೊಳೆಯದೆ ಉಳಿದುವು. ಮತ್ತೆ ಮೊದಲಿನ ಕೆಂಪು, ಮತ್ತೆ ಮೊಳಕೆ! ಎಷ್ಟು ಸಲ ಬದಲಿಸಿದರೂ ಕೊನೆಯಲ್ಲಿ ಬಿದ್ದ ಬೆಳಕಿನ ಮಾತೇ ನಡೆಯುತ್ತಿತ್ತು. ಬೀಜದೊಳಗೆ ವಿದ್ಯುದ್ದೀಪದ ಗುಂಡಿಯಂಥ ಒಂದು ವರ್ಣದ್ರವ್ಯವಿದೆಯೆಂಬುದು ಇದರಿಂದ ತಿಳಿದುಬಂದಿತು. ಅದಕ್ಕೆ ಮುಂದೆ ಫೈಟೋಕ್ರೋಮ್ ಎಂಬ ಹೆಸರಾಯಿತು. ಅನೇಕ ಕಳೆಗಳ ಸಣ್ಣ ಬೀಜಗಳಲ್ಲಿ ಈ ಗುಂಡಿಯುಂಟು. ಬೆಳಕು ಮಣ್ಣಿನೊಳಗೆ ಇಳಿಯುವುದು ಕೆಲವು ಮಿಲಿಮೀಟರು ಮಾತ್ರ. ಅದರಿಂದಾಚೆ ಹುದುಗಿದ ಬೀಜಕ್ಕೆ ಅದು ಸದಾ ರಾತ್ರಿ. ಗುದ್ದಲಿಯಿಂದ ಮಣ್ಣನ್ನು ಮಗುಚಿದಾಗ ಬೀಜಕ್ಕೆ ಕ್ಷಣಕಾಲ ಬಿಸಿಲು ಕಂಡರೂ ಸಾಕು, ಗುಂಡಿ ಒತ್ತಿದಂತಾಯಿತು.

ಹಸುರೆಲೆ ಕೆಂಪನ್ನು ಹೀರಿಕೊಂಡು ಆಳಗೆಂಪನ್ನು ಕೆಳಕ್ಕೆ ಬಿಡುವುದು. ದಟ್ಟವಾದ ಎಲೆಯ ಕೆಳಗಿರುವ ಬೀಜಕ್ಕೆ, ‘ಮೇಲೆ ಸ್ಥಳವಿಲ್ಲ, ಸುಮ್ಮನಿರು’ ಎಂಬ ಸುದ್ದಿ ಹೀಗೆ ತಲಪುವುದು. ಬೆಳ್ಳುಳ್ಳಿಯ ತೆಳ್ಳನೆಯ ನೆರಳಿನಿಂದ ಅಂಥ ಸುದ್ದಿ ಹೋಗುವುದಿಲ್ಲ. ಮಡಿಯಲ್ಲಿ ಮೂರು ತಿಂಗಳವರೆಗೂ ಹೊಸ ಹೊಸ ಕಳೆ ಹುಟ್ಟುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ. ಜರ್ಮನಿಯಲ್ಲಿ ಹಾರ್ಟ್‌ಮನ್, ನೆಜಾಡಾಲ್ ಎಂಬವರು ರಾತ್ರಿಯ ಕತ್ತಲಿನಲ್ಲಿ ಹೊಲವನ್ನು ಉತ್ತು, ಹಗಲಿನಲ್ಲಿ ಉತ್ತುದಕ್ಕಿಂತ ಎಷ್ಟೋ ಕಡಿಮೆ ಕಳೆ ಹುಟ್ಟಿದುದನ್ನು 1990ರಲ್ಲಿ ಪ್ರಕಟಿಸಿದರು. ಬೇರೆಯವರು ಮಾಡಿ ನೋಡಿದಾಗ ಫಲ ಒಂದೇ ತೆರನಾಗಿ ಬರಲಿಲ್ಲ; ಬೆಳಕಿಗೆ ಕಾಯದೆ ಮೊಳೆಯುವ ಕಳೆಗಳೂ ಇವೆಯಷ್ಟೆ. ಆದರೂ ಹಿತ್ತಿಲಿನ ಮಡಿಯನ್ನು ಅಮಾವಾಸ್ಯೆಯ ರಾತ್ರಿ ಅಗೆದು ನೋಡಲು ಖರ್ಚೇನು? ನೆರೆಯವರು ನಿಧಿ ಹುಡುಕುತ್ತಿದ್ದಾನೆಂದು ಭಾವಿಸಿಯಾರು, ಅಷ್ಟೇ.

ಹುದುಗಿದ ಬೀಜ ಎಷ್ಟು ಕಾಲ ಕಾಯಬಲ್ಲದು? ಅಮೆರಿಕದ ಮಿಚಿಗನ್ ಕೃಷಿ ಕಾಲೇಜಿನ ಸಸ್ಯಶಾಸ್ತ್ರಜ್ಞ ವಿಲಿಯಂ ಬೀಲ್ 1879ರಲ್ಲಿ 20 ಸೀಸೆಗಳಲ್ಲಿ ಮರಳನ್ನೂ, ಇಪ್ಪತ್ತಕ್ಕೂ ಹೆಚ್ಚು ಬಗೆಯ ಗಿಡಗಳ ತಲಾ 50 ಬೀಜಗಳನ್ನೂ ತುಂಬಿ, ಬಾಯಿ ಕೆಳಗಾಗಿ ನೆಲದಲ್ಲಿ ಹೂತಿಟ್ಟ. ಇಷ್ಟಿಷ್ಟು ವರ್ಷಗಳಿಗೊಮ್ಮೆ ಒಂದೊಂದು ಸೀಸೆಯನ್ನು ತೆಗೆದು ಬಿತ್ತಬೇಕೆಂಬುದು ಏರ್ಪಾಡು. ಬೀಲ್ ತೀರಿಕೊಂಡು ನೂರು ವರ್ಷಗಳಾದರೂ ಪ್ರಯೋಗ ನಿಂತಿಲ್ಲ. 2021ರ ಏಪ್ರಿಲಿನಲ್ಲಿ ಒಂದು ಸೀಸೆಯನ್ನು ತೆಗೆದರು. ಅದನ್ನು ಅಗೆದುದು ಬೆಳಗು ಹರಿಯುವುದಕ್ಕೆ ಮುಂಚೆ, ಕತ್ತಲಿನಲ್ಲಿ, ಹಸುರು ದೀಪ ಹಿಡಿದು. ನೆಲದಲ್ಲಿ ಉಳಿಯುವ ಸೀಸೆಗಳಿಗೆ ಬಿಸಿಲು ತಾಗಿ ಗುಂಡಿ ಒತ್ತಿದಂತಾಗಬಾರದಷ್ಟೆ! 142 ವರ್ಷಗಳ ಹಿಂದಿನ ಬೀಜಗಳಲ್ಲಿ 20 ಮೊಳೆತುವು. ಮುಂದಿನ ಸೀಸೆಯ ಸರದಿ 2040ರಲ್ಲಿ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ಆಗ ನಡುವಯಸ್ಸಿನವರಾಗಿರುವರು.

ಕಳೆಯೆಲ್ಲವೂ ಇಷ್ಟು ದೀರ್ಘಾಯುಗಳೆಂದು ಹೇಳುತ್ತಿಲ್ಲ. ಆದರೆ ಒಂದು ಕಾಡುದಂಟು ಬಿಡುವ ಬೀಜಗಳ ಸಂಖ್ಯೆ ಹತ್ತಾರು ಸಾವಿರದಿಂದ ಲಕ್ಷದವರೆಗೆ ಹೋಗುವುದೆಂಬುದನ್ನೂ, 1950ರ ದಶಕದ ನಡುವಿನಲ್ಲಿ ಪುಣೆಯ ಬಳಿ ಮೊದಲು ಕಣ್ಣಿಗೆ ಬಿದ್ದ ಪಾರ್ಥೇನಿಯಂ, ನಮ್ಮ ಜನರ ಬಾಯಿಯ ‘ಕಾಂಗ್ರೆಸ್ ಕಸ’, ಇಂದು ಮಾಸೂರಿನ ಬಸ್ಸು ನಿಲ್ಲುವಲ್ಲಿಂದ ಹಿಡಿದು ಮದಗದ ಕೆರೆಯ ಹಾದಿಯವರೆಗೆ ಬೆಳೆದು ನಿಂತಿರುವುದನ್ನೂ ನೆನೆದರೆ, ಹೂ ಬಿಡುವ ಮೊದಲು ಕಿತ್ತ ಒಂದು ಗಿಡದ ಬೆಲೆ ತಿಳಿಯುವುದು. ನಮ್ಮ ತಿಪ್ಪೆಗೊಬ್ಬರದ ರಹಸ್ಯವೂ ಇದೇ. ದನ ತಿಂದ ಹುಲ್ಲಿನ ಬೀಜಗಳಲ್ಲಿ ಎಷ್ಟೋ ಅದರ ಹೊಟ್ಟೆಯನ್ನು ಹಾದು ಜೀವಂತವಾಗಿ ಹೊರಬರುವುವು. ತಿಪ್ಪೆಯನ್ನು ಹದವಾಗಿ ಒಟ್ಟಿ, ನೀರು ಚಿಮುಕಿಸಿ, ಮಗುಚುತ್ತ ಬಂದರೆ ಒಳಗಿನ ಉಷ್ಣತೆ 55-60 ಡಿಗ್ರಿ ಸೆಂಟಿಗ್ರೇಡಿಗೆ ಏರಿ ಬಹುಪಾಲು ಬೀಜಗಳು ಬೆಂದುಹೋಗುವುವು. ಅರೆ ಕೊಳೆತ ತಿಪ್ಪೆಯಲ್ಲಿ ಆ ಬೇಗೆ ಎಲ್ಲ ಭಾಗಕ್ಕೂ ಮುಟ್ಟಿರುವುದಿಲ್ಲ. ನಾವು ಗೊಬ್ಬರವೆಂದು ಸುರಿದುದು ಬೀಜದ ಭಂಡಾರವನ್ನು.

ನೀರಿನ ಲೆಕ್ಕ ಚಿಕ್ಕದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನೀರೆಂದರೆ ಒಂದು ಲೀಟರು. ಅದನ್ನು ಆವಿ ಮಾಡಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಬಿಸಿಲು ಆ ಶಾಖವನ್ನು ಧಾರಾಳವಾಗಿ ಕೊಡುವುದು. ಒಣಗಿದ ಮೇಲುಮಣ್ಣು ತನ್ನ ಕೆಳಗಿನ ತೇವಕ್ಕೆ ತಾನೇ ಮುಚ್ಚಳವಾಗುವುದು. ಕಳೆಯ ಬೇರು ಆ ಮುಚ್ಚಳದ ಕೆಳಕ್ಕೆ ಕೊಳವೆ ಇಳಿಸಿ ನೀರನ್ನು ಎಲೆಗೆ ಏರಿಸಿ ಗಾಳಿಗೆ ಬಿಡುವುದು. ಬೆಳ್ಳುಳ್ಳಿಯ ಬೇರು ಮೇಲಿನ ಒಂದು ಗೇಣಿನಲ್ಲಿಯೇ ಬಹುಮಟ್ಟಿಗೆ ಮುಗಿಯುವುದರಿಂದ, ಆ ಗೇಣಿನ ನೀರು ಹೋದರೆ ಅದಕ್ಕೆ ಬೇರೆ ಬಾವಿಯಿಲ್ಲ.

ಹಾಗಾದರೆ ಯಾವಾಗ, ಹೇಗೆ ಕೀಳಬೇಕು? ನೆಟ್ಟ ಮೊದಲಿನ ಎರಡು ತಿಂಗಳೇ ನಿರ್ಣಾಯಕ. ಕಳೆ ಎರಡೆಲೆಯದಾಗಿರುವಾಗ, ಬಿಸಿಲೇರಿದ ಹೊತ್ತಿನಲ್ಲಿ, ಕುರ್ಪಿಯ ಬಾಯಿಯನ್ನು ನೆಲಕ್ಕೆ ಸಮವಾಗಿ ಹಿಡಿದು ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಇಳಿಸದೆ ತಳ್ಳಿದರೆ ಸಾಕು. ಆಳಕ್ಕೆ ಇಳಿಸಿದರೆ ಬೆಳ್ಳುಳ್ಳಿಯ ಬೇರು ಕಡಿಯುವುದು. ಅಲ್ಲದೆ ಕತ್ತಲೆಯಲ್ಲಿ ಮಲಗಿದ್ದ ಬೀಜಗಳನ್ನು ಬೆಳಕಿಗೆ ಕರೆದಂತೆಯೂ ಆಗುವುದು. ದೊಡ್ಡದಾದುದನ್ನು ಕೀಳಲೇಬೇಕಾದರೆ ನೀರು ಹಾಯಿಸಿದ ಮರುದಿನ ಕೀಳತಕ್ಕದ್ದು. ಒಣಮಣ್ಣು ಬೇರನ್ನು ಬಿಗಿಹಿಡಿಯುವುದು, ಕೆಸರು ಕಾಲಡಿ ಗಟ್ಟಿಯಾಗುವುದು. ಇವೆರಡರ ನಡುವೆ ಒಂದು ಹದವುಂಟು, ಅದು ಬೆರಳಿಗೆ ತಿಳಿಯುವುದು. ಗೋಳಿಸೊಪ್ಪಿನಂಥ ರಸಭರಿತ ಗಿಡವನ್ನು ಕಿತ್ತು ಮಡಿಯಲ್ಲಿಯೇ ಬಿಟ್ಟರೆ ಮಲಗಿದಲ್ಲಿಯೇ ಬೇರು ಬಿಡುವುದು. ಅದನ್ನು ಅಡಿಗೆಮನೆಗೆ ಒಯ್ದರೆ ಪಲ್ಯವಾದೀತು. ಗಡ್ಡೆ ಕಟ್ಟಲು ತೊಡಗಿದ ಮೇಲೆ ಕುರ್ಪಿಯನ್ನು ಬದಿಗಿಟ್ಟು ಕೈಯಿಂದಲೇ ಹೆಕ್ಕುವುದು ಲೇಸು.

ಜೇಕಿನ ಮಾತೇ ಬೇರೆ. ಎಳೆಯದರಲ್ಲಿ ಅದು ಬೆಳ್ಳುಳ್ಳಿಯಂತೆಯೇ ಕಾಣುವುದು. ನಮ್ಮ ವಿದ್ಯಾರ್ಥಿಯೊಬ್ಬ ಬೆಳ್ಳುಳ್ಳಿಯನ್ನು ಕಿತ್ತು ಜೇಕಿಗೆ ನೀರು ಹಾಕಿದುದೂ ಉಂಟು. ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಬೇಕು. ಮೂರು ಏಣುಗಳು ತಾಗಿದರೆ ಅದು ಜೇಕು. ಎಳೆದರೆ ಮೇಲಿನ ಗರಿ ಕೈಗೆ ಬರುವುದು, ಗಡ್ಡೆ ನೆಲದಲ್ಲಿ ಉಳಿಯುವುದು. ಒಂದು ದಾರದಲ್ಲಿ ಪೋಣಿಸಿದಂತೆ ಇರುವ ಗಡ್ಡೆಗಳ ಸರ ತುಂಡಾಗಿ, ಮಲಗಿದ್ದುವೂ ಏಳುವುವು. ಅದಕ್ಕೆ ಉಪಾಯ ಒಂದೇ. ಗಡ್ಡೆಯಲ್ಲಿ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ಅದು ಗರಿಯನ್ನು ಮೇಲಕ್ಕೆ ಕಳಿಸುವುದಷ್ಟೆ. ಆ ಗರಿ ಬಿಸಿಲುಂಡು ಸಾಲ ತೀರಿಸುವ ಮೊದಲೇ ಕತ್ತರಿಸಬೇಕು, ಮತ್ತೆ ಬಂದರೆ ಮತ್ತೆ ಕತ್ತರಿಸಬೇಕು. ಒಂದು ವರ್ಷದಲ್ಲಿ ಮುಗಿಯುವ ಕೆಲಸವೆಂದು ನಾವು ಭರವಸೆ ಕೊಡಲಾರೆವು.

ಬಿತ್ತುವ ಮೊದಲೇ ಬೇಸಗೆಯ ಬಿಸಿಲನ್ನು ದುಡಿಸಿಕೊಳ್ಳುವ ಮಾರ್ಗವೊಂದಿದೆ. ಇಸ್ರೇಲಿನ ಕಟಾನ್ ಮತ್ತು ಅವರ ಸಂಗಡಿಗರು 1976ರಲ್ಲಿ ಇದನ್ನು ವರ್ಣಿಸಿದರು. ಏಪ್ರಿಲ್-ಮೇ ತಿಂಗಳಲ್ಲಿ ಮಡಿಗೆ ನೀರುಣಿಸಿ, ತೆಳ್ಳನೆಯ ಪಾಲಿಥೀನ್ ಹಾಳೆಯನ್ನು ಹೊದಿಸಿ, ಅಂಚಿಗೆ ಮಣ್ಣು ಮೆತ್ತಿ ನಾಲ್ಕಾರು ವಾರ ಬಿಡುವುದು. ಹಾಳೆ ಕಪ್ಪಾಗಿರಬೇಕೆಂದು ವಿದ್ಯಾರ್ಥಿಗಳು ಥಟ್ಟನೆ ಹೇಳುವರು. ಬೇಕಾದುದು ಪಾರದರ್ಶಕ ಹಾಳೆ. ಕಪ್ಪು ಹಾಳೆ ಬಿಸಿಲನ್ನು ತಾನೇ ನುಂಗಿ ತಾನು ಕಾಯುವುದು. ಪಾರದರ್ಶಕ ಹಾಳೆ ಬಿಸಿಲನ್ನು ಮಣ್ಣಿಗೆ ಬಿಡುವುದು, ಮಣ್ಣು ಹೊರಸೂಸುವ ದೀರ್ಘ ಅಲೆಗಳನ್ನು ಅದರ ಒಳಮೈಯಲ್ಲಿ ಕಟ್ಟಿದ ನೀರಹನಿಗಳು ತಡೆಯುವುವು. ಇದರಿಂದ ಸಣ್ಣ ಬೀಜದ ಕಳೆಗಳು ಬಹಳವಾಗಿ ತಗ್ಗುವುವು, ಜೇಕು ಮಾತ್ರ ಅಷ್ಟಾಗಿ ಬಗ್ಗದು. ನೆಟ್ಟ ಮೇಲೆ ಸಾಲುಗಳ ನಡುವೆ ಭತ್ತದ ಹುಲ್ಲನ್ನೋ ಗೋವಿನಜೋಳದ ಒಣಗರಿಯನ್ನೋ ನಾಲ್ಕು ಬೆರಳು ದಪ್ಪ ಹರಡಿದರೆ ಬೆಳಕಿನ ಗುಂಡಿಗೆ ಬೀಗ ಹಾಕಿದಂತೆ. ಗೋವಿನಜೋಳದ ಗರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ.

ಇಷ್ಟೆಲ್ಲ ಏತಕ್ಕೆ, ಔಷಧ ಹೊಡೆದರೆ ಆಗದೆ ಎಂದು ಕೇಳುವವರಿದ್ದಾರೆ. ಕಳೆನಾಶಕವನ್ನು ‘ಔಷಧ’ವೆಂದು ಕರೆಯುವ ರೂಢಿಯನ್ನೇ ನಾವು ಒಪ್ಪುವುದಿಲ್ಲ. ಗ್ಲೈಫೋಸೇಟ್ ಹಸುರಾದುದನ್ನೆಲ್ಲ ಕೊಲ್ಲುವುದು, ಬೆಳ್ಳುಳ್ಳಿಗೆ ರಿಯಾಯತಿ ತೋರದು. ಅದರ ಬಳಕೆಯನ್ನು ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಪರವಾನಗಿಯುಳ್ಳ ಕೀಟನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸಿತು. ಪೆಂಡಿಮೆಥಾಲಿನ್‌ನಂಥವು ಮೊಳಕೆಯನ್ನು ತಡೆಯುವುವು, ಜೇಕಿಗೆ ಜಗ್ಗಿಸಲಾರವು. ಎಕರೆಗಟ್ಟಲೆ ಬೆಳೆಯುವ ರೈತ ಆಳು ದೊರೆಯದೆ ಅದನ್ನು ಬಳಸಿದರೆ ನಾವು ಅವನಿಗೆ ನೀತಿ ಬೋಧಿಸಲು ಹೋಗುವುದಿಲ್ಲ. ಹದಿನೈದು ಸೆಂಟಿಮೀಟರಿನ ಸಾಲಿನಲ್ಲಿ ಎಡೆಕುಂಟೆ ಸರಾಗವಾಗಿ ಆಡದು; ಬೆಳ್ಳುಳ್ಳಿಯ ಹೊಲವೆಂದರೆ ಕುಕ್ಕುರುಗಾಲಿನಲ್ಲಿ ಕುಳಿತು ಸರಿಯುವ ಹೆಂಗಸರ ಸಾಲು ಎಂದೇ ಅರ್ಥ. ಅವರ ಬೆನ್ನುನೋವಿನ ಮೇಲೆ ಕಾವ್ಯ ಕಟ್ಟುವುದು ಸಲ್ಲದು. ಆದರೆ ಒಂದು ಚದರ ಮೀಟರಿನ ಮಡಿಗೆ, ಮಕ್ಕಳು ಕೈಯಾಡಿಸುವ ಹಿತ್ತಿಲಿಗೆ, ವಿಷದ ಸೀಸೆ ತರುವುದು ಸೋಮಾರಿತನ.

ಇಲ್ಲಿಗೆ ನಮ್ಮ ಮುಖ್ಯ ತಕರಾರಿಗೆ ಬಂದೆವು. ನಾವು ಓದಿದ ಶಾಲೆಯಲ್ಲಿ ತೋಟವಿತ್ತು. ಕಸ ಕೀಳುವ ಕೆಲಸವೂ ಇತ್ತು, ಆದರೆ ಅದು ಶಿಕ್ಷೆಯಾಗಿತ್ತು. ತಡವಾಗಿ ಬಂದವನು, ಮಗ್ಗಿ ಒಪ್ಪಿಸದವನು, ಹಿಂದಿನ ಬೆಂಚಿನಲ್ಲಿ ಮಾತನಾಡಿದವನು ಬಿಸಿಲಿನಲ್ಲಿ ಕುಳಿತು ಕಸ ಕೀಳಬೇಕು. ಜಾಣ ಹುಡುಗರು ಒಳಗೆ ವಿಜ್ಞಾನದ ಪಾಠ ಕೇಳುತ್ತಿದ್ದರು. ನಾವು ಒಳಗಿದ್ದೆವು, ಅದು ಬಹುಮಾನವೆಂದೂ ಭಾವಿಸಿದ್ದೆವು. ಹೊರಗಿದ್ದವರಲ್ಲಿ ಕೆಲವರ ತಾಯಂದಿರು ಅದೇ ಹೊತ್ತಿನಲ್ಲಿ ಕೂಲಿಗೆ ಹೋಗಿ ಬೇರೆಯವರ ಹೊಲದಲ್ಲಿ ಅದೇ ಕೆಲಸ ಮಾಡುತ್ತಿದ್ದರು. ತನ್ನ ತಾಯಿಯ ದಿನದ ದುಡಿಮೆ ಶಾಲೆಯಲ್ಲಿ ದಂಡನೆಯೆಂದು ಎಣಿಸಲ್ಪಡುವುದನ್ನು ಕಂಡ ಹುಡುಗ ಆ ದುಡಿಮೆಯನ್ನೂ, ತಾಯಿಯ ತಿಳಿವಳಿಕೆಯನ್ನೂ ಯಾವ ಕಣ್ಣಿನಿಂದ ನೋಡಲು ಕಲಿತಾನು? ಈ ಪದ್ಧತಿ ಅಳಿದುಹೋಗಿಲ್ಲವೆಂದು ನಮ್ಮ ಕಾಲೇಜಿಗೆ ಬರುವ ಹುಡುಗರು ಹೇಳುತ್ತಾರೆ. ಇದು ನಿಲ್ಲಬೇಕು. ಕೆಲಸ ನಿಲ್ಲಬೇಕೆಂದಲ್ಲ, ಶಿಕ್ಷೆಯ ಹೆಸರು ನಿಲ್ಲಬೇಕು, ಕೆಲಸ ಎಲ್ಲರಿಗೂ ಬರಬೇಕು, ಜಾಣರಿಗೆ ಮೊದಲು ಬರಬೇಕು.

ಪಾಠಪಟ್ಟಿ ಮುಗಿಸುವುದೇ ಕಷ್ಟ, ಇನ್ನು ಬೆಳ್ಳುಳ್ಳಿಗೆ ವೇಳೆಯೆಲ್ಲಿ ಎಂದು ನಮ್ಮ ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ಅವರ ಕಷ್ಟ ನಮಗೂ ಇದೆ. ಆದರೆ ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ನಮ್ಮ ವಿದ್ಯಾರ್ಥಿಗಳು ಬರೆಯುವ ಅಂಕಿಗಳಲ್ಲಿ ಎಷ್ಟು ಪಾಲು ಹಿಂದಿನ ವರ್ಷದ ಪುಸ್ತಕದಿಂದ ನಕಲಾದುವೆಂಬುದನ್ನು ಅವರೂ ಬಲ್ಲರು, ನಾವೂ ಬಲ್ಲೆವು. ಎರಡು ಮಡಿಗಳಲ್ಲಿ ಬೆಳ್ಳುಳ್ಳಿ ನೆಟ್ಟು, ಒಂದರ ಕಳೆಯನ್ನು ವಾರಕ್ಕೊಮ್ಮೆ ತೆಗೆದು, ಇನ್ನೊಂದನ್ನು ಬಿಟ್ಟು ನೋಡುವ ಹುಡುಗಿಗೆ ನಕಲು ಮಾಡಲು ಹಳೆಯ ಪುಸ್ತಕವಿರುವುದಿಲ್ಲ. ಮೊಬೈಲ್ ಫೋನಿನ ಬೆಳಕಿನ ಸಂವೇದಕದಿಂದ ಗರಿಗಳ ಮೇಲೂ ನೆಲದ ಹತ್ತಿರವೂ ಬೆಳಕನ್ನು ಅಳೆದು, ಮೇಲೆ ಹೇಳಿದ ಘಾತೀಯ ನಿಯಮ ಸರಿಹೊಂದುವುದೋ ಇಲ್ಲವೋ ನೋಡಬಹುದು. ಸರಿಹೊಂದದೆ ಹೋದೀತು, ಆ ಸಂವೇದಕ ಕಣ್ಣಿನ ಬಣ್ಣಗಳಿಗೆ ಒಪ್ಪುವಂತೆ ಮಾಡಿದುದು, ಎಲೆಯ ಅಗತ್ಯ ಬೇರೆ. ಏಕೆ ಹೊಂದಲಿಲ್ಲವೆಂಬ ಚರ್ಚೆಯೇ ಒಂದು ಒಳ್ಳೆಯ ತರಗತಿ. ಎರಡು ಉಷ್ಣಮಾಪಕಗಳಿದ್ದರೆ ಒಂದನ್ನು ಹುಲ್ಲಿನ ಹೊದಿಕೆಯ ಕೆಳಗೂ ಒಂದನ್ನು ಬರಿನೆಲದಲ್ಲಿಯೂ ಇಟ್ಟು, ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಓದಿ ನಕ್ಷೆ ಬರೆಯಬಹುದು. ಖರ್ಚು ಐದಾರು ಗಡ್ಡೆ ಬೆಳ್ಳುಳ್ಳಿ.

ಪ್ರಯೋಗಕ್ಕೆ ಮೊದಲ ದಿನ ಪಾಠ ಹೇಳಲು ಯಾರನ್ನು ಕರೆಯಬೇಕು? ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಮ್ಮ ಜಿಲ್ಲೆಯಲ್ಲಿಯೇ ಇದೆ. ತಜ್ಞರನ್ನು ಕೇಳಿದರೆ ಬಂದಾರು. ಅವರೊಡನೆ ಊರಿನ ಒಬ್ಬ ಕಳೆ ತೆಗೆಯುವ ಹೆಂಗಸನ್ನೂ, ಅವರ ದಿನದ ಕೂಲಿಯನ್ನು ಕೊಟ್ಟು, ಕುರ್ಚಿ ಹಾಕಿ ಕೂರಿಸಿ, ಕರೆಯಬೇಕೆಂಬುದು ನಮ್ಮ ಸಲಹೆ. ಎರಡೆಲೆಯ ಸಸಿಯನ್ನು ನೋಡಿ ಇದು ಯಾವ ಕಸವೆಂದು ಅವರು ಗುರುತಿಸುವಷ್ಟು ಬೇಗ ನಾವು ಯಾರೂ ಗುರುತಿಸಲಾರೆವು.

ಎರಡನೆಯ ವರ್ಷ ನಾವು ಮತ್ತೆ ನೆಟ್ಟೆವು, ಈ ಸಲ ಎರಡು ಮಡಿ. ಒಂದರ ಕಳೆಯನ್ನು ಭಾನುವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಕುಳಿತು ತೆಗೆದೆವು. ಮೂರನೆಯ ತಿಂಗಳಿಗೆ ಐದು ನಿಮಿಷವೂ ಬೇಕಾಗಲಿಲ್ಲ. ಇನ್ನೊಂದನ್ನು ಅದರ ಪಾಡಿಗೆ ಬಿಟ್ಟೆವು, ಹೂ ಬಿಡುವ ಮೊದಲು ಕಳೆಯ ತಲೆಗಳನ್ನು ಮಾತ್ರ ಸವರಿದೆವು. ಗರಿಗಳು ಹಳದಿಗೆ ತಿರುಗಿ ಕುತ್ತಿಗೆ ಬಾಗಿದಾಗ ನೀರು ನಿಲ್ಲಿಸಿ, ಕಿತ್ತು, ನೆರಳಿನಲ್ಲಿ ಒಣಗಿಸಿದೆವು. ಮೊದಲನೆಯ ಮಡಿಯ ಗಡ್ಡೆಗಳನ್ನು ಜಡೆ ಹೆಣೆದು ಅಡಿಗೆಮನೆಯ ಜಂತಿಗೆ ತೂಗಹಾಕಿದ್ದಾರೆ. ಎರಡನೆಯದು ಒಂದು ಬೊಗಸೆಯಲ್ಲಿ ಹಿಡಿಸಿತು. ದಪ್ಪ ಎಸಳಿನ ಹನ್ನೆರಡು ಗಡ್ಡೆಗಳನ್ನು ಬೀಜಕ್ಕೆಂದು ಎತ್ತಿಟ್ಟು, ಎರಡನ್ನು ಬೇಲಿಯಾಚೆಗೆ ಕೊಡಹೋದಾಗ ದೊಡ್ಡಮ್ಮ ತೂಕ ನೋಡುವಂತೆ ಅಂಗೈಯಲ್ಲಿ ಆಡಿಸಿ, “ಚಲೋ ಬಂದಾವ. ಮುಂದಿನ ಸಲ ಗೊಬ್ಬರ ತರೂಕಿಂತ ಮೊದಲ ನನ್ನ ಒಂದು ಮಾತು ಕೇಳು ತಮ್ಮಾ” ಎಂದರು.